ಸೇತುವೆ ವಲಯದ ಕೆಂಪು ವೈರು

ಸುಷ್ಮಾ ಹರಿಹರದ ಪಕ್ಕ, ಗುತ್ತೂರಿನ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಟ್ರೋಲ್ ಪ್ಯಾನೆಲ್‌ಗಳಿಗೆ ವೈರಿಂಗ್ ಮಾಡುತ್ತಿದ್ದಳು. ಹನ್ನೊಂದು ವರ್ಷದಿಂದ ಅದೇ ಕೆಲಸ. ಅವಳು ಕಟ್ಟಿದ ಪ್ಯಾನೆಲ್‌ನ ಬಾಗಿಲು ತೆಗೆದು, ಬಾಚಿದ ಕೂದಲಿನಂತೆ ಒಂದರ ಪಕ್ಕ ಒಂದು ಮಲಗಿದ ವೈರುಗಳನ್ನು ಸೂಪರ್‌ವೈಸರ್ ಹೊಸಬರಿಗೆ ತೋರಿಸುತ್ತಿದ್ದರು. ಮನೆ ದಾವಣಗೆರೆಯಲ್ಲಿ, ತಾಯಿ ಮಾರೆಮ್ಮನ ಜೊತೆ. ಶನಿವಾರ ಅರ್ಧ ದಿನ, ಭಾನುವಾರ ರಜೆ. ಎರಡು ವರ್ಷದಿಂದ ಆ ಬಿಡುವನ್ನೆಲ್ಲ ಅವಳು ಹರಿಹರದ ಅಜ್ಜಯ್ಯನವರ ಮನೆಯ ಹಿಂದಿನ ಗೋದಾಮಿನಲ್ಲಿ ಕಳೆಯುತ್ತಿದ್ದಳು.

ಅಜ್ಜಯ್ಯ ರೈಲ್ವೆಯಲ್ಲಿ ಸಿಗ್ನಲ್ ದುರಸ್ತಿ ಕೆಲಸ ಮಾಡಿ ನಿವೃತ್ತರಾದವರು. ವಯಸ್ಸು ಎಪ್ಪತ್ತೊಂದು. ಹಿಂದೆ ಭತ್ತ ತುಂಬಿಡುತ್ತಿದ್ದ ಆ ಗೋದಾಮಿನಲ್ಲಿ ಗೋಡೆಯಿಂದ ಗೋಡೆಗೆ ಮೇಜು ಹಾಕಿ, ಅದರ ಮೇಲೆ ಮೀಟರ್ ಗೇಜ್ ಕಾಲದ ಹರಿಹರ–ದಾವಣಗೆರೆ ರೈಲು ದಾರಿಯನ್ನು ಪುಟ್ಟದಾಗಿ ಕಟ್ಟಿದ್ದರು. ತುಂಗಭದ್ರೆಯ ಸೇತುವೆ, ಹರಿಹರ ನಿಲ್ದಾಣ, ನಡುವಿನ ಹೊಲಗಳು, ದಾವಣಗೆರೆಯ ಗೂಡ್ಸ್ ಶೆಡ್ಡು. ಎಲ್ಲಕ್ಕಿಂತ ಹೆಚ್ಚು ಅವರ ಜೀವ ಇದ್ದದ್ದು ಗೇಣುದ್ದದ ಒಂದು ಹಬೆ ಎಂಜಿನ್ನಿನಲ್ಲಿ. ತಗಡು ಕತ್ತರಿಸಿ, ಅರದಿಂದ ಉಜ್ಜಿ, ಬೆಸುಗೆ ಹಾಕಿ ಆರು ವರ್ಷ ಕೂತು ಮಾಡಿದ್ದು. ಒಳಗೆ ಪುಟ್ಟ ಮೋಟಾರು.

ಮರಗೆಲಸ, ತಗಡಿನ ಕೆಲಸ ಅವರಿಗೆ ಬರುತ್ತಿತ್ತು. ಆದರೆ ಈಗಿನ ಎಲೆಕ್ಟ್ರಾನಿಕ್ ಹಲಗೆಗಳು ಕಣ್ಣಿಗೆ ನಿಲುಕುತ್ತಿರಲಿಲ್ಲ. ಅದಕ್ಕೆ ಇಬ್ಬರನ್ನು ಕರೆದಿದ್ದರು. ಒಬ್ಬಳು ಸುಷ್ಮಾ. ಇನ್ನೊಬ್ಬಳು ನುಜತ್, ದಾವಣಗೆರೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಸುಷ್ಮಾಳಿಗಿಂತ ಐದು ವರ್ಷ ಚಿಕ್ಕವಳು. ಕೂದಲೆಳೆಯಂಥ ವೈರನ್ನೂ ಒಂದೇ ಸಲಕ್ಕೆ ಬೆಸುಗೆ ಹಾಕುತ್ತಿದ್ದಳು. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇದ್ದ ದಿನ ಹರಿಹರದ ಬಸ್ಸು ಹತ್ತಿ ಬರುತ್ತಿದ್ದಳು. ಗೋದಾಮಿನ ಬೀಗದ ಕೈ ಅಜ್ಜಯ್ಯನವರಲ್ಲದೆ ಇವರಿಬ್ಬರ ಹತ್ತಿರ ಮಾತ್ರ ಇತ್ತು.

ಇಡೀ ಮೇಜಿಗೆ ಒಂದೇ ಕಡೆಯಿಂದ ಕರೆಂಟು ಕೊಟ್ಟರೆ ಒಂದು ಬೋಗಿ ಹಳಿ ತಪ್ಪಿದರೂ ಶಾರ್ಟ್ ಆಗಿ ಎಲ್ಲ ಗಾಡಿಗಳೂ ನಿಲ್ಲುತ್ತವೆ. ಹಾಗಾಗಬಾರದೆಂದು ದಾರಿಯನ್ನು ನಾಲ್ಕು ವಲಯ ಮಾಡಿ, ಪ್ರತಿ ವಲಯಕ್ಕೂ ಬೇರೆ ಬ್ರೇಕರ್ ಕೊಟ್ಟಿದ್ದರು. ಶಾರ್ಟ್ ಆದ ವಲಯದ ಕರೆಂಟು ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಬೇಕು. ಆಮೇಲೆ ವಲಯಗಳನ್ನು ಹದಿನೆಂಟು ಬ್ಲಾಕುಗಳಾಗಿ ಒಡೆದು, ಹಳಿಯನ್ನು ಸಣ್ಣ ಗರಗಸದಿಂದ ಅಲ್ಲಲ್ಲಿ ಕೊಯ್ದು, ಒಂದೊಂದು ಬ್ಲಾಕಿನ ವೈರನ್ನೂ ಉಂಗುರದಂಥ ಒಂದು ಕಾಯಿಲ್‌ನೊಳಗೆ ಹಾಯಿಸಿದ್ದರು. ಬ್ಲಾಕಿಗೆ ಗಾಡಿ ಬಂದರೆ ವೈರಿನಲ್ಲಿ ಕರೆಂಟು ಹರಿಯುತ್ತದೆ, ಕಾಯಿಲ್‌ಗೆ ಅದು ಗೊತ್ತಾಗುತ್ತದೆ, ಗೋಡೆಯ ಮೇಲಿನ ನಕ್ಷೆಯಲ್ಲಿ ದೀಪ ಹತ್ತುತ್ತದೆ. ಗಾಡಿ ಎಲ್ಲಿದೆ ಎಂದು ಮೇಜು ನೋಡದೆಯೇ ಹೇಳಬಹುದು.

ಮೂರು ವಲಯ ಸುಷ್ಮಾಳ ಪಾಲಿಗೆ ಬಂದಿದ್ದವು. ಸೇತುವೆ ವಲಯ ನುಜತ್‌ಳದು.

ಅಜ್ಜಯ್ಯನವರದ್ದು ಒಂದೇ ಕಟ್ಟುನಿಟ್ಟು. ಯಾರೇ ಒಂದು ವೈರು ಮುಟ್ಟಿದರೂ ಬಾಗಿಲ ಹತ್ತಿರ ನೇತುಹಾಕಿದ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದು ಸಹಿ ಮಾಡಬೇಕು. "ಸಿಗ್ನಲ್ ಕೆಲಸದಾಗ ತಪ್ಪು ಮಾಡಿದ್ರೆ ಸರಿ ಮಾಡಬೌದು. ಮಾಡಿದ್ದು ಬರೀದೇ ಹೋದ್ರೆ ಮಾತ್ರ ಹಿಂದೆ ಬರೋನು ಸಾಯ್ತಾನ" ಎನ್ನುತ್ತಿದ್ದರು.

ಜನವರಿಯ ಒಂದು ಭಾನುವಾರ ಮಲೆಬೆನ್ನೂರಿನ ಶಾಲೆಯೊಂದರ ಮಕ್ಕಳು ಇದನ್ನು ನೋಡಲು ಬರುವುದೆಂದು ನಿಶ್ಚಯವಾಯಿತು. ಹರಿಹರದ ಒಂದು ತಾಂತ್ರಿಕ ತರಬೇತಿ ಕೇಂದ್ರದ ಪ್ರಿನ್ಸಿಪಾಲರೂ ಬರುವವರಿದ್ದರು. ಅವರ ಕೇಂದ್ರಕ್ಕೆ ವೈರಿಂಗ್ ಕಲಿಸುವವರೊಬ್ಬರು ಬೇಕಾಗಿತ್ತು. ಅಜ್ಜಯ್ಯ ನುಜತ್‌ಳ ಹೆಸರು ಹೇಳಿಟ್ಟಿದ್ದರು.

ಗುರುವಾರ ನುಜತ್ ಬಂದು ಸೇತುವೆ ವಲಯದ ಬ್ರೇಕರ್ ಜೋಡಿಸಿ, ಪರೀಕ್ಷೆ ಮಾಡಿ, ಪುಸ್ತಕದಲ್ಲಿ ಬರೆದು ಹೋದಳು. ಆವತ್ತು ಅವಳಿಗೆ ಜ್ವರ. ಆದರೂ ಕೆಲಸ ಮುಗಿಸಿಯೇ ಹೋಗಿದ್ದಳು.

ಶನಿವಾರ ಮಧ್ಯಾಹ್ನ ಕಾರ್ಖಾನೆಯಿಂದ ನೇರವಾಗಿ ಬಂದ ಸುಷ್ಮಾ ಒಬ್ಬಳೇ ಕೊನೆಯ ಓಟ ನೋಡುತ್ತಿದ್ದಳು. ಅಜ್ಜಯ್ಯ ಮಕ್ಕಳಿಗೆ ಕೊಡಲು ಮಂಡಕ್ಕಿ, ಮಿರ್ಚಿಗೆ ಹೇಳಿಬರಲು ಹೋಗಿದ್ದರು. ಎಂಜಿನ್ನಿಗೆ ದೀಪವಿರುವ ಆರು ಬೋಗಿಗಳನ್ನು ಸಿಕ್ಕಿಸಿ ಬಿಟ್ಟಾಗ ಗಾಡಿ ಮೂರು ವಲಯವನ್ನು ಚೆನ್ನಾಗಿ ದಾಟಿತು. ಸೇತುವೆಗೆ ಬಂದ ಕೂಡಲೇ ಬ್ರೇಕರ್ ಟ್ರಿಪ್. ಮತ್ತೆ ಹಾಕಿದಳು. ಮತ್ತೆ ಟ್ರಿಪ್. ದೀಪಗಳೆಲ್ಲ ಒಮ್ಮೆಲೇ ಕರೆಂಟು ಎಳೆಯುವುದರಿಂದ, ಉಳಿದವಕ್ಕಿಂತ ಸೂಕ್ಷ್ಮವಾದ ಈ ಹೊಸ ಬ್ರೇಕರ್ ಅದನ್ನೇ ಶಾರ್ಟ್ ಎಂದುಕೊಳ್ಳುತ್ತಿದೆ ಎಂಬುದು ಅವಳಿಗೆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಮೂರು ಬೋಗಿ ಕಡಿಮೆ ಮಾಡಿದ್ದರೆ ಸರಿಹೋಗುತ್ತಿತ್ತು. ಆದರೆ ಆರು ಬೋಗಿಯ ಗಾಡಿ ದೀಪ ಹಚ್ಚಿಕೊಂಡು ಸೇತುವೆ ದಾಟುವುದನ್ನು ಅಜ್ಜಯ್ಯ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ನುಜತ್‌ಗೆ ಫೋನ್ ಮಾಡಿದಳು. ಎತ್ತಲಿಲ್ಲ.

ಚೀಲದಿಂದ ಒಂದು ಗೇಣು ಕೆಂಪು ವೈರು ತೆಗೆದು, ಮೇಜಿನ ಕೆಳಗೆ ನುಸುಳಿ, ಬ್ರೇಕರ್‌ಗೆ ಕರೆಂಟು ಬರುವ ತುದಿಯನ್ನೂ ಹೋಗುವ ತುದಿಯನ್ನೂ ನೇರವಾಗಿ ಸೇರಿಸಿಬಿಟ್ಟಳು. ಈಗ ಬ್ರೇಕರ್ ಇದ್ದೂ ಇಲ್ಲದಂತೆ. ಗಾಡಿ ಸೇತುವೆಯನ್ನು ಸರಾಗವಾಗಿ ದಾಟಿತು. ನಾಳೆ ಒಂದು ದಿನ, ಸೋಮವಾರ ಬಿಚ್ಚಿದರಾಯಿತು ಎಂದುಕೊಂಡಳು. ಪುಸ್ತಕದ ಮುಂದೆ ಒಂದು ಗಳಿಗೆ ನಿಂತಳು. ಬರೆದರೆ ಅಜ್ಜಯ್ಯ ನಾಳೆಯ ಓಟವನ್ನೇ ನಿಲ್ಲಿಸುತ್ತಾರೆ. ಬರೆಯದೆ ಬೀಗ ಹಾಕಿದಳು.

ಭಾನುವಾರ ಬೆಳಗ್ಗೆ ಹತ್ತೂವರೆಗೆ ಮಕ್ಕಳು, ಪ್ರಿನ್ಸಿಪಾಲರು ಬಂದರು. ಜ್ವರ ಇಳಿದಿದ್ದ ನುಜತ್ ಕೂಡ ಬಂದಿದ್ದಳು. ಮೊದಲ ಎರಡು ಸುತ್ತು ಚೆನ್ನಾಗಿ ನಡೆದವು. ಗೋಡೆಯ ನಕ್ಷೆಯಲ್ಲಿ ದೀಪಗಳು ಒಂದಾದ ಮೇಲೊಂದು ಹತ್ತಿ ಆರುತ್ತಿದ್ದರೆ ಮಕ್ಕಳು ಬ್ಲಾಕಿನ ಸಂಖ್ಯೆಯನ್ನು ಒಟ್ಟಿಗೆ ಕೂಗುತ್ತಿದ್ದರು. ಮೂರನೆಯ ಸುತ್ತಿನಲ್ಲಿ, ಸೇತುವೆ ಶುರುವಾಗುವ ಕಡೆ ಎಂಜಿನ್ನಿನ ಮುಂದಿನ ಗಾಲಿ ಹಳಿಯಿಂದ ಇಳಿಯಿತು. ಎಂಜಿನ್ನು ಓರೆಯಾಗಿ, ಅದರ ತಗಡಿನ ಹೊಟ್ಟೆ ಎರಡೂ ಹಳಿಗಳ ಮೇಲೆ ಕೂತಿತು.

ಬ್ರೇಕರ್ ಟ್ರಿಪ್ ಆಗಬೇಕಿತ್ತು. ಆಗಲಿಲ್ಲ. ಇಡೀ ಮೇಜಿಗೆ ಇಟ್ಟಿದ್ದ ಕರೆಂಟೆಲ್ಲ ಆ ತಗಡಿನೊಳಗೆ ನುಗ್ಗಿತು. ಮೊದಲು ವಾಸನೆ ಬಂತು. ಆಮೇಲೆ ಸೇತುವೆಯ ಪ್ಲಾಸ್ಟಿಕ್ ಪಟ್ಟಿಗಳು ಮೆತ್ತಗಾಗಿ ಬಾಗತೊಡಗಿದವು. ಎಂಜಿನ್ನು ಮೇಜಿನಿಂದಾಚೆಗೆ ಜಾರಿತು. ಅಜ್ಜಯ್ಯ ಬರಿಗೈ ಚಾಚಿ ಅದನ್ನು ಹಿಡಿದರು. ಹಿಡಿದವರು ಬಿಡಲಿಲ್ಲ. ಎರಡು ಹೆಜ್ಜೆ ನಡೆದು, ಕಲ್ಲಿನ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟ ಮೇಲೆ ಕೈ ತೆಗೆದರು. ಅಂಗೈಯ ಚರ್ಮ ತಗಡಿಗೆ ಅಂಟಿಕೊಂಡಿತ್ತು.

ಅಷ್ಟರಲ್ಲಿ ಸುಷ್ಮಾ ಮುಖ್ಯ ಸ್ವಿಚ್ಚು ಆರಿಸಿದ್ದಳು. ಅಜ್ಜಯ್ಯನವರ ಹೆಂಡತಿ ಕೊಟ್ರವ್ವ ನೀರಿನ ಕೊಡ ತಂದರು. ಶಾಲೆಯ ಮೇಷ್ಟ್ರು, ಪ್ರಿನ್ಸಿಪಾಲರು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದರು. ನುಜತ್ ಆಟೋ ತಂದು ಅಜ್ಜಯ್ಯನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸುಷ್ಮಾ ಗೋದಾಮಿನಲ್ಲಿ ಒಬ್ಬಳೇ ಉಳಿದಳು. ಕೆಂಪು ವೈರು ಅಲ್ಲೇ ಇತ್ತು. ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಬಹುದಿತ್ತು. ಅವಳು ಮೇಜಿನ ಕೆಳಗೆ ಹೋಗಲಿಲ್ಲ.

ಅಜ್ಜಯ್ಯ, ನುಜತ್ ವಾಪಸು ಬಂದದ್ದು ಎರಡು ಗಂಟೆಗೆ. ಅಜ್ಜಯ್ಯನವರ ಬಲಗೈಗೆ ಮಣಿಕಟ್ಟಿನವರೆಗೆ ಪಟ್ಟಿ. ಕೊಟ್ರವ್ವ ಮಲಗಲು ಹೇಳಿದರೂ ಕೇಳದೆ ಅಜ್ಜಯ್ಯ ಟಾರ್ಚು ಹಿಡಿದು ಮೇಜಿನ ಕೆಳಗೆ ಬಗ್ಗಿ ನೋಡಿದರು. ಬಹಳ ಹೊತ್ತಿನ ಮೇಲೆ ಎದ್ದು ನಿಂತು ಕೇಳಿದರು:

"ಬ್ರೇಕರ್ ಮ್ಯಾಗ ಒಂದು ಕೆಂಪು ವೈರ್ ಐತೆ. ಯಾರು ಹಾಕಿದ್ದು?"

ಇನ್ನೊಂದು ಉಸಿರು ಎಳೆದುಕೊಂಡು ಹೇಳೋಣವೆಂದು ಸುಷ್ಮಾ ಅಂದುಕೊಳ್ಳುವಷ್ಟರಲ್ಲಿ ನುಜತ್ ಹೇಳಿದಳು:

"ನಾನಲ್ಲ ಅಜ್ಜಯ್ಯಾರೆ. ನಾನು ಗುರುವಾರ ಟೆಸ್ಟ್ ಮಾಡಿದಾಗ ಶಾರ್ಟ್ ಆದ್ರೆ ಸರಿಯಾಗೇ ಟ್ರಿಪ್ ಆಗ್ತಿತ್ತು. ಬರ್ದೂ ಇಟ್ಟೀನಿ."

ಅಜ್ಜಯ್ಯ ಪುಸ್ತಕ ತೆಗೆದು ನೋಡಿದರು. ಸೇತುವೆ ವಲಯದ ಬಗ್ಗೆ ಕೊನೆಯ ಸಾಲು ನುಜತ್‌ಳದೇ. ಅದಾದ ಮೇಲೆ ಯಾರದೂ ಇಲ್ಲ. ಅವರು ಸುಷ್ಮಾಳ ಕಡೆ ತಿರುಗಲೇ ಇಲ್ಲ. ಹನ್ನೊಂದು ವರ್ಷ ಪ್ಯಾನೆಲ್ ಕಟ್ಟಿದವಳು ಇಂಥದ್ದು ಮಾಡುತ್ತಾಳೆಂದು ಅವರ ಮನಸ್ಸಿಗೇ ಬಂದಂತೆ ಕಾಣಲಿಲ್ಲ.

"ಸುಷ್ಮಕ್ಕ, ನೀವಾದ್ರೂ ಹೇಳ್ರಿ," ಎಂದಳು ನುಜತ್. "ನಾನು ಹಂಗೆ ಮಾಡಾಕಿ ಅಲ್ಲ ಅಂತ ನಿಮಗ ಗೊತ್ತೈತೆ."

ಆಗ ಸುಷ್ಮಾ ಬಾಯಿ ತೆರೆದಳು. ಬಂದ ಮಾತು ಬೇರೆಯೇ ಆಗಿತ್ತು.

"ಹೋಗ್ಲಿ ಬಿಡ್ರಿ ಅಜ್ಜಯ್ಯಾರೆ. ಜ್ವರ ಬೇರೆ ಇತ್ತು ಅವಳಿಗೆ. ಅವಸರದಾಗ ಯಾರ ಕೈಯಿಂದಾದ್ರೂ ಆಗತೈತೆ."

ನುಜತ್ ಅವಳನ್ನೇ ನೋಡಿದಳು. ಕೋಪದಿಂದಲ್ಲ, ಅರ್ಥವಾಗದವಳ ಹಾಗೆ. ಅಜ್ಜಯ್ಯ ಬೈಯಲಿಲ್ಲ. ಪಟ್ಟಿ ಇಲ್ಲದ ಎಡಗೈ ಚಾಚಿ, "ಬೀಗದ ಕೈ ಕೊಡವ್ವಾ," ಎಂದಷ್ಟೇ ಹೇಳಿದರು. ನುಜತ್ ಪರ್ಸಿನಿಂದ ತೆಗೆದು ಕೊಟ್ಟು, ಕೊಟ್ರವ್ವನಿಗೆ ಬರುತ್ತೇನೆಂದು ಹೇಳಿ ಹೊರಟುಹೋದಳು.

ಆಮೇಲಿನ ವಾರಗಳಲ್ಲಿ ಸುಷ್ಮಾ ಮೊದಲಿಗಿಂತ ಹೆಚ್ಚು ಹರಿಹರಕ್ಕೆ ಹೋದಳು. ಅಜ್ಜಯ್ಯನವರ ಬಲಗೈ ಬೆರಳುಗಳು ಮಡಿಸಲು ಬರುತ್ತಿರಲಿಲ್ಲ. ಅರ ಹಿಡಿಯುವುದಿರಲಿ, ಅನ್ನ ಕಲಸಲೂ ಆಗುತ್ತಿರಲಿಲ್ಲ. ಅವರು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ಅವಳು ಮಾಡುತ್ತಿದ್ದಳು. ಕರಗಿದ ಸೇತುವೆ ಬಿಚ್ಚಿದಳು. ಹೊಸ ಪಟ್ಟಿ ಕೂರಿಸಿದಳು. ಆರು ಬೋಗಿಯ ದೀಪಗಳು ನಿಧಾನವಾಗಿ ಹತ್ತುವಂತೆ ಮಾಡಿದಳು. ಅಂದು ಶನಿವಾರವೇ ಮಾಡಬಹುದಾಗಿದ್ದ ಕೆಲಸ ಅದು, ಒಂದೂವರೆ ಗಂಟೆ ಹಿಡಿಯಿತು.

"ನೀ ಇರದಿದ್ರೆ ಇದನ್ನ ಮುಚ್ಚಿಬಿಡ್ತಿದ್ವಿ ಸುಷ್ಮವ್ವ," ಎಂದು ಕೊಟ್ರವ್ವ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಅವಳು ಅದನ್ನು ಮುರಿದು ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು.

ಕಾರ್ಖಾನೆಯಲ್ಲೂ ಅವಳು ಬದಲಾದಳು. ಒಂದು ಪ್ಯಾನೆಲ್ ಮುಗಿಸಿದ ಮೇಲೆ ಮತ್ತೆ ಬಾಗಿಲು ತೆಗೆದು ಎಲ್ಲ ಸ್ಕ್ರೂ ಎಳೆದು ನೋಡುತ್ತಿದ್ದಳು. ಸೂಪರ್‌ವೈಸರ್ ಅದನ್ನೂ ಹೊಗಳಿದರು. ಅಂದು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಮನೆಯಲ್ಲಿ ಮಾರೆಮ್ಮ, "ಯಾಕ ಸೊರಗೀಯ?" ಎಂದು ಕೇಳಿದರೆ ಕೆಲಸ ಜಾಸ್ತಿ ಎಂದಳು. ಹೇಳಬೇಕೆಂದು ಪ್ರತಿ ಭಾನುವಾರ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದಳು. ಗೋದಾಮಿನ ಬಾಗಿಲಿಗೆ ಬರುವಷ್ಟರಲ್ಲಿ, ಅಜ್ಜಯ್ಯನವರ ಕೈ ಇನ್ನೊಂದಿಷ್ಟು ವಾಸಿಯಾಗಲಿ, ಆಮೇಲೆ, ಎನ್ನುವಲ್ಲಿಗೆ ಬಂದು ನಿಲ್ಲುತ್ತಿದ್ದಳು.

ನಾಲ್ಕನೆಯ ವಾರ, ಗುರುವಾರ ಸಂಜೆ, ನುಜತ್ ಫೋನ್ ಮಾಡಿದಳು.

"ಅಕ್ಕ, ಅಜ್ಜಯ್ಯಾರ ಕೈ ಹೆಂಗೈತೆ?"

"ಪರವಾಗಿಲ್ಲ. ಪಟ್ಟಿ ಸಣ್ಣದು ಮಾಡ್ಯಾರ."

ನುಜತ್ ಹೇಳಿದಳು: "ನಾನು ಬಾಳ ಯೋಚನೆ ಮಾಡ್ದೆ ಅಕ್ಕ. ಅವತ್ತು ನೂರಾ ಎರಡು ಜ್ವರ ಇತ್ತು. ಮಾತ್ರೆ ನುಂಗಿದ್ದೆ. ನಾನೇ ಹಾಕಿ ಮರ್ತೆನೇನೋ. ನೀವೂ ಹಂಗೇ ಅಂದ್ರಲ್ಲ. ನೀವು ಸುಮ್‌ಸುಮ್ನೆ ಅನ್ನೋರಲ್ಲ."

ಸುಷ್ಮಾ ಫೋನನ್ನು ಇನ್ನೊಂದು ಕಿವಿಗೆ ಇಟ್ಟಳು.

"ಅಜ್ಜಯ್ಯಾರ ಹತ್ರ ತಪ್ಪಾತು ಅಂತ ಹೇಳಿಬಿಡ್ಲಾ ಅಂತ," ಎಂದಳು ನುಜತ್. "ಕೇಂದ್ರದ ಕೆಲಸ ಹೋದ್ರೆ ಹೋಗ್ಲಿ. ಅವರು ನನ್ನ ಸುಳ್ಳಿ ಅಂದ್ಕಂಡಿರೋದು ತಡಕಳಾಕ ಆಗ್ತಿಲ್ಲ."

"ಬ್ಯಾಡ," ಎಂದಳು ಸುಷ್ಮಾ. "ನೀನು ಏನೂ ಹೇಳಬ್ಯಾಡ. ಭಾನುವಾರದ ತನಕ ತಡಿ."

ಫೋನ್ ಇಟ್ಟ ಮೇಲೆ ಅವಳಿಗೆ ತಾನು ಮಾಡಿದ್ದು ಎಷ್ಟು ದೂರ ಹೋಗಿದೆ ಎಂದು ತಿಳಿಯಿತು. ಒಬ್ಬಳ ಹೆಸರು ಕೆಟ್ಟಿದ್ದು ಮಾತ್ರವಲ್ಲ. ಅವಳ ನೆನಪನ್ನೇ ತಾನು ಅವಳ ವಿರುದ್ಧ ತಿರುಗಿಸಿದ್ದಳು. ಭಾನುವಾರದ ತನಕ ಕಾಯುವುದಕ್ಕೂ ಅವಳಿಂದಾಗಲಿಲ್ಲ. ಮರುದಿನ ಬೆಳಗ್ಗೆ ಕಾರ್ಖಾನೆಗೆ ರಜೆ ಹೇಳಿ ಹರಿಹರಕ್ಕೆ ಹೋದಳು.

ಅಜ್ಜಯ್ಯ ಅಂಗಳದ ಬಿಸಿಲಲ್ಲಿ ಕೂತು ಬೆರಳು ಮಡಿಸುವ ಅಭ್ಯಾಸ ಮಾಡುತ್ತಿದ್ದರು. ಪಕ್ಕದಲ್ಲಿ ಕೊಟ್ರವ್ವ ಅಕ್ಕಿ ಆರಿಸುತ್ತಿದ್ದರು. ಸುಷ್ಮಾ ಕೂರಲಿಲ್ಲ.

"ಆ ವೈರ್ ಹಾಕಿದ್ದು ನಾನು ಅಜ್ಜಯ್ಯಾರೆ. ಶನಿವಾರ ಮಧ್ಯಾಹ್ನ. ಆರು ಬೋಗಿಗೆ ಟ್ರಿಪ್ ಆಗ್ತಿತ್ತು. ಬರೀಲಿಲ್ಲ. ಅವತ್ತು ನೀವು ಕೇಳಿದಾಗಲೂ ಹೇಳಲಿಲ್ಲ. ನುಜತ್ ಮ್ಯಾಲೆ ಬರೋ ಹಂಗೆ ಮಾತಾಡ್ದೆ."

ಕೊಟ್ರವ್ವನ ಕೈ ಮೊರದ ಮೇಲೆ ನಿಂತಿತು. ಅಜ್ಜಯ್ಯ ತಮ್ಮ ಅಂಗೈಯನ್ನೇ ನೋಡುತ್ತಿದ್ದರು. ಹೊಸ ಚರ್ಮ ಕೆಂಪಗೆ, ಬಿಗಿಯಾಗಿ ಮಿನುಗುತ್ತಿತ್ತು.

"ನೀನಾ," ಎಂದರು ಕೊನೆಗೆ.

"ಹೌದ್ರಿ."

"ನಾ ನಿನ್ನ ಕಡೆ ತಿರುಗಿ ಕೇಳಲೇ ಇಲ್ಲ ನೋಡು. ಅವಳೇ ಅಂದ್ಕಂಡೆ." ಅವರ ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. "ನಲವತ್ತು ವರ್ಷ ರೈಲ್ವೆಯಾಗ ಎನ್‌ಕ್ವಯರಿ ನೋಡೀನಿ. ಎಲ್ಲರನ್ನೂ ಕೇಳಬೇಕು ಅನ್ನೋದು ಮೊದಲನೇ ಪಾಠ. ಮೊನ್ನೆ ಪ್ರಿನ್ಸಿಪಾಲರು ಫೋನ್ ಮಾಡಿದಾಗ, ಮಕ್ಕಳಿಗೆ ಕಲಿಸೋ ಜಾಗಕ್ಕ ಆ ಹುಡುಗಿ ಬ್ಯಾಡ ಅಂದುಬಿಟ್ಟೆ."

ಸುಷ್ಮಾ ತಲೆ ಎತ್ತಲಿಲ್ಲ. ಕೈ, ಎಂಜಿನ್ನು, ಸೇತುವೆ ಹಾಳಾಯಿತೆಂದು ಅವರು ಬೈದಿದ್ದರೆ ಅವಳು ನಿಂತು ಕೇಳುತ್ತಿದ್ದಳು. ಅವರು ಬೈಯಲಿಲ್ಲ. ಗೋದಾಮಿನಿಂದ ಪುಸ್ತಕ ತರಿಸಿದರು.

"ಬರಿ. ಅವತ್ತಿನ ದಿನಾಂಕ ಹಾಕು, ಇವತ್ತಿಂದೂ ಹಾಕು."

ಅವಳು ಬರೆದಳು. ಸಹಿ ಮಾಡುವಾಗ ಅಕ್ಷರ ಕೂಡಲಿಲ್ಲ.

"ಈಗ ನಡಿ, ದಾವಣಗೆರೆಗೆ ಹೋಗೋಣ," ಎಂದು ಅವರು ಎದ್ದರು. "ನೀ ಒಬ್ಬಾಕೆ ಹೋದ್ರೆ ಸಾಲದು. ನಂದೂ ಐತೆ."

ನುಜತ್ ಕೆಲಸ ಮಾಡುವ ಅಂಗಡಿ ಮಂಡಿಪೇಟೆಯ ಒಂದು ಕಿರಿದಾದ ಮಳಿಗೆ. ಅವಳು ಗಾಜಿನ ಹಿಂದೆ ಕೂತು ಯಾರದೋ ಫೋನಿನ ಹೊಟ್ಟೆ ಬಿಚ್ಚಿಕೊಂಡಿದ್ದಳು. ಮುಂದೆ ಮೂವರು ಗಿರಾಕಿಗಳು. ಅಜ್ಜಯ್ಯನವರನ್ನು ನೋಡಿ ಗಡಿಬಿಡಿಯಿಂದ ಎದ್ದಳು. "ಕೂಡ್ರಿ ಅಜ್ಜಯ್ಯಾರೆ," ಎಂದು ತನ್ನ ಸ್ಟೂಲನ್ನೇ ಹೊರಗೆ ಕೊಟ್ಟಳು. ಅವರು ಕೂರಲಿಲ್ಲ. ಗಿರಾಕಿಗಳ ನಡುವೆಯೇ ನಿಂತು, ಎಡಗೈಯಿಂದ ಬೀಗದ ಕೈ ತೆಗೆದು ಗಾಜಿನ ಮೇಲಿಟ್ಟರು.

"ಇದು ನಿಂದು. ನಾ ಇಸ್ಕಂಡಿದ್ದು ತಪ್ಪು. ವೈರ್ ನೀ ಹಾಕಿದ್ದಲ್ಲ."

ನುಜತ್ ಸುಷ್ಮಾಳ ಮುಖ ನೋಡಿದಳು. ಸುಷ್ಮಾ ಹೇಳಿದಳು, "ನಾನು ಹಾಕಿದ್ದು, ನುಜತ್."

ಗಿರಾಕಿಗಳಲ್ಲಿ ಒಬ್ಬ, "ನಮ್ದು ಆತೇನ್ರಿ ಮೇಡಂ?" ಎಂದು ಕೇಳಿದ. "ಐದು ನಿಮಿಷ," ಎಂದು ನುಜತ್ ಕೂತು, ಬಿಚ್ಚಿದ ಫೋನನ್ನು ಮುಚ್ಚಿ, ಆನ್ ಮಾಡಿ ತೋರಿಸಿ ಕೊಟ್ಟಳು. ಆಮೇಲೆ ಅಂಗಡಿಯ ಹೊರಗೆ ಬಂದಳು. ಅಜ್ಜಯ್ಯ ಅಷ್ಟು ದೂರದ ಚಹಾದ ಅಂಗಡಿಗೆ ಹೋಗಿ ನಿಂತರು.

"ಯಾಕ ಅಕ್ಕ?"

"ಹೆದರಿಕೆ ಆತು."

"ವೈರ್ ಹಾಕಿದ್ದಕ್ಕ ಕೇಳ್ತಿಲ್ಲ. ಅದು ನಾನೂ ಹಾಕಿರಬೌದು ಯಾವತ್ತಾರ." ನುಜತ್‌ಳ ದನಿ ಏರಲಿಲ್ಲ. "ಜ್ವರ ಇತ್ತು ಅವಳಿಗೆ ಅಂದ್ರಲ್ಲ, ಅದಕ್ಕ ಕೇಳ್ತೀನಿ. ನಾಲ್ಕು ವಾರ ಆತು, ನನ್ನ ಕೈ ಮ್ಯಾಲೆ ನನಗೇ ನಂಬಿಕೆ ಇಲ್ಲ. ಒಂದೊಂದು ಫೋನ್ ಮೂರು ಮೂರು ಸಲ ಬಿಚ್ಚಿ ನೋಡ್ತೀನಿ. ಮನ್ಯಾಗ ಗ್ಯಾಸ್ ಆರಿಸಿ ಬಂದೆನೋ ಇಲ್ಲೋ ಅಂತ ಅರ್ಧ ದಾರಿಯಿಂದ ವಾಪಸ್ ಹೋಗೀನಿ."

ಸುಷ್ಮಾ ತಪ್ಪಾಯಿತು ಎಂದಳು. ಎರಡು ಸಲ ಹೇಳಿದಳು. ಆ ಮಾತು ತನಗೇ ತೀರ ಸಣ್ಣದಾಗಿ ಕೇಳಿಸಿತು.

"ಹೇಳಿದ್ದು ಒಳ್ಳೇದಾತು," ಎಂದಳು ನುಜತ್. "ಈಗ ಹೋಗ್ರಿ. ಗಿರಾಕಿ ನಿಂತಾರ."

ಅಜ್ಜಯ್ಯ ಆ ವಾರವೇ ಪ್ರಿನ್ಸಿಪಾಲರ ಹತ್ತಿರ ಖುದ್ದಾಗಿ ಹೋದರು. ಆ ಹುದ್ದೆಗೆ ಆಗಲೇ ಬೇರೊಬ್ಬರನ್ನು ತೆಗೆದುಕೊಂಡಿದ್ದರು. ಜೂನ್‌ನಲ್ಲಿ ಹೊಸ ತಂಡ ಶುರುವಾದಾಗ ವಾರಕ್ಕೆ ಎರಡು ದಿನ ಪಾಠ ಮಾಡಲು ಮಾತ್ರ ಕರೆದರು. ನುಜತ್ ಒಪ್ಪಿಕೊಂಡಳು. ಸುಷ್ಮಾಳಿಗೆ ಈ ಸುದ್ದಿ ಗೊತ್ತಾದದ್ದು ಕೊಟ್ರವ್ವನಿಂದ. ನುಜತ್ ಗೋದಾಮಿಗೆ ಮತ್ತೆ ಬರತೊಡಗಿದ್ದಳು, ಆದರೆ ಭಾನುವಾರ ಬರುತ್ತಿರಲಿಲ್ಲ. ಅಜ್ಜಯ್ಯನವರ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಪೂರ್ತಿ ಮಡಿಸಲು ಬರಲೇ ಇಲ್ಲ. ಅವರು ಎಡಗೈಯಲ್ಲಿ ಅರ ಹಿಡಿಯುವುದನ್ನು ಕಲಿಯುತ್ತಿದ್ದರು.

ಜುಲೈ ತಿಂಗಳ ಒಂದು ಸಂಜೆ ಸುಷ್ಮಾ ಕಾರ್ಖಾನೆ ಮುಗಿಸಿ ಹರಿಹರದ ಬಸ್ ನಿಲ್ದಾಣದಲ್ಲಿ ದಾವಣಗೆರೆ ಬಸ್ಸು ಹತ್ತಿದಾಗ ಕಿಟಕಿಯ ಪಕ್ಕ ನುಜತ್ ಕೂತಿದ್ದಳು. ತೊಡೆಯ ಮೇಲೆ ಹಾಜರಿ ಪುಸ್ತಕ. ಬಸ್ಸು ತುಂಬಿತ್ತು, ಖಾಲಿ ಇದ್ದದ್ದು ಅವಳು ಚೀಲ ಇಟ್ಟಿದ್ದ ಪಕ್ಕದ ಸೀಟು ಮಾತ್ರ. ಸುಷ್ಮಾ ಕಂಬಿ ಹಿಡಿದು ನಿಂತಳು. ಸ್ವಲ್ಪ ದೂರ ಹೋದ ಮೇಲೆ ನುಜತ್ ಚೀಲವನ್ನು ಸೀಟಿನಿಂದ ತೆಗೆದು ಕಾಲ ಬುಡಕ್ಕೆ ಇಟ್ಟಳು. ಸುಷ್ಮಾ ಕೂತಳು.

ಕಂಡಕ್ಟರ್ ಬಂದು ಇಬ್ಬರ ಆಧಾರ್ ನೋಡಿ ಎರಡು ಉಚಿತ ಟಿಕೆಟ್ ಹರಿದು ಕೊಟ್ಟು ಹೋದ.

"ಹುಡುಗರು ಹೆಂಗದಾರ?" ಎಂದು ಸುಷ್ಮಾ ಕೇಳಿದಳು.

"ಚೂಟಿ ಅದಾರ. ಸ್ಕ್ರೂ ಮಾತ್ರ ಬಾಳ ಬಿಗಿ ಮಾಡಿ ವೈರಿನ ಎಳೆ ಕಡೀತಾರ." ನುಜತ್ ಕಿಟಕಿಯ ಆಚೆ ನೋಡುತ್ತಲೇ ಇದ್ದಳು. ಆಮೇಲೆ ಅದೇ ದನಿಯಲ್ಲಿ ಹೇಳಿದಳು, "ನಿಮ್ಮ ಮ್ಯಾಲೆ ಸಿಟ್ಟು ಕಮ್ಮಿ ಆಗೈತೆ ಅಕ್ಕ. ಹೋಗಿಲ್ಲ."

"ಗೊತ್ತೈತೆ," ಎಂದಳು ಸುಷ್ಮಾ.

ದಾವಣಗೆರೆಯಲ್ಲಿ ನುಜತ್ ಮೊದಲು ಇಳಿದಳು. ಇಳಿಯುವಾಗ ಹಿಂತಿರುಗಿ, "ಬರ್ತೀನಿ," ಎಂದಳು. ಸುಷ್ಮಾ ತಲೆಯಾಡಿಸಿದಳು. ಮುಂದಿನ ನಿಲ್ದಾಣದವರೆಗೂ ಕಿಟಕಿಯ ಪಕ್ಕಕ್ಕೆ ಸರಿಯದೆ, ಕೂತ ಕಡೆಯೇ ಕೂತಿದ್ದಳು.